ಜವರಪ್ಪನಿಗೆ ಕೇಳಿಸಿದ್ದು

ಬೇಲೂರಿನ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಲತಾಮಣಿ ಮೇಡಂ ಅಂದರೆ ಹುಡುಗರಿಗೆ ಅಚ್ಚುಮೆಚ್ಚು. ಗದರುವವಳಲ್ಲ, ಹಾಜರಿ ಕಡಿಮೆಯಾಯಿತೆಂದು ಕಾಡುವವಳಲ್ಲ. ತಡವಾಗಿ ಬಂದವನಿಗೂ ‘ಬಾಪ್ಪ, ಕೂತ್ಕೋ’ ಅನ್ನುತ್ತಾಳೆ. ಸ್ಟಾಫ್ ರೂಮಿನಲ್ಲಿ ಅವಳ ಡಬ್ಬಿಯ ಉಪ್ಪಿನಕಾಯಿಯನ್ನು ಯಾರೋ ಖಾಲಿ ಮಾಡಿದರೂ ನಕ್ಕು ಸುಮ್ಮನಾಗುತ್ತಾಳೆ. ‘ಇಷ್ಟು ಸಾಧು ಹೆಂಗಸು ಈ ಕಾಲದಲ್ಲಿ ಸಿಗಲ್ಲ ಕಣ್ರೀ’ ಎಂದು ಪ್ರಿನ್ಸಿಪಾಲರು ಹೊಸಬರಿಗೆಲ್ಲ ಹೇಳುತ್ತಾರೆ. ಪಾಪ, ಅವರಿಗೇನು ಗೊತ್ತು! ಈ ಸಾಧು ಹೆಂಗಸು ಚಿಕ್ಕಂದಿನಿಂದ ಹೊಟ್ಟೆಯೊಳಗೆ ಒಂದು ಕೆಂಡ ಇಟ್ಟುಕೊಂಡು, ಅದು ಆರದ ಹಾಗೆ ಊದುತ್ತಾ ಬಂದಿದ್ದಾಳೆ. ಓದು ಮುಗಿಯಿತು, ನೌಕರಿ ಸಿಕ್ಕಿತು, ಖಜಾನೆಯಲ್ಲಿ ಗುಮಾಸ್ತನಾಗಿದ್ದ ಸಿದ್ಧಾರ್ಥನ ಜೊತೆ ಬುದ್ಧನ ಪಟದ ಮುಂದೆ ಸರಳವಾಗಿ ಮದುವೆಯೂ ಆಯಿತು. ಕರುಣೆಯೇ ದೊಡ್ಡದು ಎಂದ ಆ ಮಹಾತ್ಮನ ಪಟಕ್ಕೆ ದಿನಾ ಹೂವಿಟ್ಟು ಕೈಮುಗಿಯುವಾಗಲೂ ಅವಳು ಮನಸ್ಸಿನಲ್ಲೇ, ‘ಎಲ್ಲರ ಮೇಲೂ ಕರುಣೆ ಇರಲಿ, ಆ ಒಬ್ಬನನ್ನು ಬಿಟ್ಟು’ ಅನ್ನುತ್ತಿದ್ದಳು.

ಆ ಒಬ್ಬ ಅಂದರೆ ಶಿವಕುಮಾರ್. ಅರಸೀಕೆರೆಯ ದೊಡ್ಡ ಕೊಬ್ಬರಿ ವ್ಯಾಪಾರಿ. ಅವನ ಅಪ್ಪ ರೇವಣಸಿದ್ದಪ್ಪನಿಗೆ ಹಾರನಹಳ್ಳಿಯಲ್ಲಿ ತೆಂಗಿನ ತೋಟ, ಕಾಯಿ ಒಣಗುವ ಅಟ್ಟ, ಕಾಯಿ ಸುಲಿಯುವ ಅಂಗಳ ಎಲ್ಲ ಇತ್ತು. ಆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವನು ಲತಾಮಣಿಯ ಅಪ್ಪ ಜವರಪ್ಪ. ಅಲ್ಲಿ ಅವನು ಜವರಪ್ಪ ಅಲ್ಲ, ಬರೀ ‘ಜವರ’. ಕೇರಿಯವರು ಮಾತ್ರ ಆ ಮನೆಯ ತೊಟ್ಟಿಲ ಕೂಸನ್ನೂ ‘ಬುದ್ದಿ’ ಅನ್ನಬೇಕಿತ್ತು. ಬುದ್ದಿ ಅಂದರೆ ತಿಳಿವಳಿಕೆ ಅಲ್ಲವೇ ಎಂದು ಪೇಟೆಯವರು ಕೇಳಬಹುದು. ನಮ್ಮ ಕಡೆ ಅದು ಆಳು ಒಡೆಯನನ್ನು ಕರೆಯುವ ಮಾತು. ತಿಳಿವಳಿಕೆಯೆಲ್ಲ ಕರೆಸಿಕೊಳ್ಳುವವನ ಸ್ವತ್ತು, ಕರೆಯುವವನಿಗೆ ಇರುವುದು ಬಗ್ಗಿದ ಬೆನ್ನು ಮಾತ್ರ. ಆ ಮಾತಿನೊಳಗೆ ಇಷ್ಟೂ ಅರ್ಥ ಇತ್ತು.

ಲತಾಮಣಿಗೆ ಆಗ ಒಂಬತ್ತು ವರ್ಷ. ಅಪ್ಪನಿಗೆ ಮಧ್ಯಾಹ್ನದ ಊಟಕ್ಕೆ ಹಿಟ್ಟು ತೆಗೆದುಕೊಂಡು ಹೋಗಿದ್ದಳು. ಕಾಯಿ ಸುಲಿಯಲು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಇರುತ್ತದಲ್ಲ, ಅದರ ಕಡೆಗೇ ಒಡೆಯರ ಮಗ ಶಿವಕುಮಾರ ಓಡಿ ಬಂದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೊನೆ ಹೊಟ್ಟೆಗೆ. ಜವರಪ್ಪ ಗಾಬರಿಯಲ್ಲಿ, ‘ಏಯ್, ಆಚಿಗೋಗ್ಲೋ!’ ಎಂದು ಕೂಗಿ ಹುಡುಗನನ್ನು ಪಕ್ಕಕ್ಕೆ ತಳ್ಳಿದ. ಜೀವ ಉಳಿಯಿತು. ಆದರೆ ಹುಡುಗ ಅಳುತ್ತಾ ಒಳಗೆ ಹೋಗಿ ಹೇಳಿದ್ದೇನು ಗೊತ್ತೇ? ‘ಅಪ್ಪಾ, ಜವರ ನನ್ನ ಲೋ ಅಂದ.’

ರೇವಣಸಿದ್ದಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ವಾಸಿಯಾಗಿತ್ತು. ಮಗನನ್ನು ಕೊಬ್ಬರಿ ಚೀಲದ ಮೇಲೆ ಕೂರಿಸಿ, ಜವರಪ್ಪನನ್ನು ಮುಂದೆ ನಿಲ್ಲಿಸಿ, ‘ಬುದ್ದಿ ಅನ್ನು. ನನ್ನ ಮಗ ಸಾಕು ಅನ್ನೋಗಂಟ ಅಂತಾನೇ ಇರು’ ಎಂದು ಹೇಳಿ ಎಲೆ ಹಾಕಿಕೊಳ್ಳಲು ಒಳಗೆ ಹೋದ. ಜವರಪ್ಪ ‘ಬುದ್ದಿ’ ಅಂದ. ಹುಡುಗನ ಅಳು ನಿಂತಿತು. ಕಿವಿಗೆ ಕೈ ಇಟ್ಟು, ‘ಕೇಳಿಸ್ನಿಲ್ಲ, ಇನ್ನೊಂದ್ಸಲ’ ಅಂದ. ಜವರಪ್ಪ ಇನ್ನೊಂದು ಸಲ ಅಂದ. ಮತ್ತೆ ‘ಕೇಳಿಸ್ನಿಲ್ಲ’. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣ ಸಂಕಟ. ಸುಲಿಯುವ ಆಳುಗಳೆಲ್ಲ ಕೈ ಕಟ್ಟಿಕೊಂಡು ನೋಡುತ್ತಿದ್ದರು. ಕೆಲವರು ನಕ್ಕರು ಕೂಡ, ನಗದಿದ್ದರೆ ತಮ್ಮ ಸರದಿ ಬಂದೀತೆಂದು. ಅಪ್ಪನ ಗಂಟಲು ಕಟ್ಟಿ ಬರೀ ಗಾಳಿ ಬರುವವರೆಗೆ ಹುಡುಗ ಆಟ ಬಿಡಲಿಲ್ಲ. ಹಿಟ್ಟಿನ ಗಂಟು ಹಿಡಿದುಕೊಂಡು ನಿಂತಿದ್ದ ಲತಾಮಣಿ ಆ ಹುಡುಗನ ಮುಖವನ್ನು ಪಾಠ ಕಲಿತ ಹಾಗೆ ಕಲಿತುಬಿಟ್ಟಳು. ಒಂದಲ್ಲ ಒಂದು ದಿನ ಇವನ ಬಾಯಲ್ಲಿ ನನ್ನಪ್ಪನನ್ನು ಬುದ್ದಿ ಅನ್ನಿಸದಿದ್ದರೆ ನಾನು ದ್ಯಾವಮ್ಮನ ಮಗಳೇ ಅಲ್ಲ ಅಂದುಕೊಂಡಳು.

ಮಾರನೆಯ ದಿನದಿಂದ ಜವರಪ್ಪ ಆ ಅಂಗಳಕ್ಕೆ ಹೋಗಲಿಲ್ಲ. ಅರಸೀಕೆರೆ ಜಂಕ್ಷನ್ನಿಗೆ ನಡೆದು ಹೋಗಿ ಹಳಿ ಕೆಲಸದ ಗ್ಯಾಂಗಿಗೆ ಸೇರಿಕೊಂಡ. ಮೊದಲು ದಿನಗೂಲಿ, ಆಮೇಲೆ ಕಾಯಂ. ಅಲ್ಲಿ ಎಲ್ಲರೂ ಮೇಲಿನವರನ್ನು ‘ಸಾರ್’ ಅನ್ನುತ್ತಿದ್ದರು, ಇವನೂ ಅಂದ. ಬುದ್ದಿ ಎಂಬ ಮಾತು ಅವನ ನಾಲಗೆಗೆ ಮತ್ತೆ ಬರಲಿಲ್ಲ. ಮಗಳಿಗೆ, ‘ನೀನು ಮಾತ್ರ ಸರಿಯಾಗಿ ಬುದ್ದಿ ಕಲಿಯವ್ವ’ ಎಂದು ಹೇಳಬೇಕಾದಾಗಲೂ, ‘ಓದ್ಕೊ ಮಗ’ ಅಂತಲೇ ಹೇಳಿದ. ಆ ದಿನದ ವಿಷಯವನ್ನು ಅಪ್ಪನೂ ಎತ್ತಲಿಲ್ಲ, ಮಗಳೂ ಕೇಳಲಿಲ್ಲ. ದ್ಯಾವಮ್ಮ ತೀರಿಕೊಂಡ ಮೇಲೆ ಅವನು ಬೇಲೂರಿಗೆ ಮಗಳ ಮನೆಗೆ ಬಂದ. ಎಂಬತ್ತರ ಹತ್ತಿರದ ವಯಸ್ಸು, ಕಿವಿ ಚುರುಕು, ಹಲ್ಲು ಅರ್ಧ ಹೋಗಿವೆ. ಯಗಚಿ ಹೊಳೆಯ ಕಡೆ ಒಂದು ಸುತ್ತು ತಿರುಗಾಡಿ ಬಂದು ಟಿವಿ ನೋಡುತ್ತಾ ಕೂರುತ್ತಾನೆ. ಅಪ್ಪ ಮರೆತೇಬಿಟ್ಟಿದ್ದಾನೆ, ಕೆಂಡ ಇರುವುದು ತನ್ನೊಬ್ಬಳಲ್ಲೇ ಎಂದು ಲತಾಮಣಿ ತಿಳಿದಿದ್ದಳು.

ಈಗ ಓದುಗರ ಕೂಟದ ಕಥೆಗೆ ಬರೋಣ. ಅರಸೀಕೆರೆ, ಬೇಲೂರು, ಹಳೇಬೀಡಿನ ಓದುವ ಚಟದವರು ಸೇರಿ ‘ಮೂರೂರ ಓದುಗರ ಕೂಟ’ ಎಂದು ಮಾಡಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಒಂದೊಂದು ಊರಲ್ಲಿ ಸಭೆ. ನಿವೃತ್ತ ಹೆಡ್‌ಮಿಸ್ ಲಲಿತಮ್ಮ ಕಾರ್ಯದರ್ಶಿ. ಅಧ್ಯಕ್ಷ ಯಾರು ಅಂದರೆ, ಹಾಲ್ ಬಾಡಿಗೆ ಮತ್ತು ಕೇಸರಿಬಾತಿನ ಖರ್ಚು ಯಾರದೋ ಅವನೇ: ಶಿವಕುಮಾರ್. ಲಲಿತಮ್ಮ ಕರೆದರೆಂದು ಲತಾಮಣಿ ಮೊದಲ ಸಲ ಹೋದಾಗ ವೇದಿಕೆಯ ಮೇಲೆ ಆ ಮುಖ ಕಂಡಿತು. ತಲೆ ನೆರೆತಿದೆ, ಕನ್ನಡಕ ಬಂದಿದೆ, ಆದರೆ ತುಟಿಯ ಓರೆ ಅದೇ. ಅವನಿಗೆ ಇವಳ ಗುರುತು ಹತ್ತಲಿಲ್ಲ. ‘ಬನ್ನಿ ಮೇಡಂ, ನಿಮ್ಮಂಥೋರು ಬಂದ್ರೆ ಕೂಟಕ್ಕೆ ತೂಕ’ ಎಂದು ಎದ್ದು ನಿಂತು ಕೈಮುಗಿದ. ಎಷ್ಟು ನಯ, ಎಷ್ಟು ವಿನಯ! ಬಸ್ಸಿನ ಕಂಡಕ್ಟರಿಗೂ ‘ಸರ್’ ಅನ್ನುವ ಮನುಷ್ಯ. ಅವಳ ಮೈ ಉರಿದುಹೋಯಿತು. ಇವನು ಹೊಲಸು ಮನುಷ್ಯನಾಗಿಯೇ ಉಳಿದಿದ್ದರೆ ದ್ವೇಷಕ್ಕೆ ಅನುಕೂಲವಾಗುತ್ತಿತ್ತು. ನಾನೆಂಥ ಒಳ್ಳೆಯವನು ಎಂದುಕೊಂಡು ಆರಾಮಾಗಿ ನಿದ್ದೆ ಮಾಡುತ್ತಿದ್ದಾನಲ್ಲ, ಅದನ್ನು ಸಹಿಸುವುದು ಹೇಗೆ? ಅವಳು ಮನೆತನದ ವಿಷಯ ಬಾಯಿಬಿಡದೆ ಸದಸ್ಯೆಯಾದಳು.

ಈ ವರ್ಷ ಕೂಟದವರು ಹತ್ತೊಂಬತ್ತನೆಯ ಶತಮಾನದ ಒಂದು ದೊಡ್ಡ ಫ್ರೆಂಚ್ ಕಾದಂಬರಿ ಹಿಡಿದರು. ಬಡತನ, ಕ್ರಾಂತಿ, ಬೀದಿಗೆ ಮೇಜು ಕುರ್ಚಿ ಎಸೆದು ಅಡ್ಡಗಟ್ಟಿ ಸೈನ್ಯದ ಜೊತೆ ಹೋರಾಡುವ ಹುಡುಗರು, ಎಲ್ಲ ಇರುವ ಪುಸ್ತಕ. ಕನ್ನಡದ ಸಂಗ್ರಹವೇ ಇಟ್ಟಿಗೆಯಷ್ಟು ದಪ್ಪ. ಅರಸೀಕೆರೆಯಲ್ಲಿ ಶಿವಕುಮಾರನ ಮಂಡಿಯ ಮಹಡಿಯಲ್ಲಿ ಚರ್ಚೆ ಇಟ್ಟುಕೊಂಡಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರ್ ನಂಜಪ್ಪನವರು ಮೊದಲು ಎದ್ದು, ‘ಇರೋ ಕುರ್ಚಿಯೆಲ್ಲ ಬೀದಿಗೆ ಹಾಕ್ಬಿಟ್ರಲ್ಲ, ಕ್ರಾಂತಿ ಮುಗುದ್ಮೇಲೆ ಕೂತ್ಕೊಳೋದ್ ಎಲ್ಲಿ?’ ಎಂದು ಕೇಳಿದರು. ನಗೆ ಎದ್ದಿತು. ಆಮೇಲೆ ಅಧ್ಯಕ್ಷರು ಗಂಭೀರವಾಗಿ ಮಾತಾಡಿದರು.

‘ಕ್ರಾಂತಿ, ವರ್ಗ ಅಂತ ನಾವು ಹೊಡೆದಾಡ್ತೀವಿ. ಆದ್ರೆ ಈ ಕಾದಂಬರಿಯ ತಿರುಳು ಕ್ಷಮೆ ಕಣ್ರೀ. ಜೈಲಿಂದ ಬಂದ ದಿಕ್ಕಿಲ್ಲದೋನನ್ನ ಆ ಮುದಿ ಪಾದ್ರಿ ಒಳಗೆ ಕರ್ದು ಊಟಕ್ಕೆ ಕೂರಿಸ್ತಾರೆ. ಅವ್ನು ಅವರ ಬೆಳ್ಳಿ ಸಾಮಾನನ್ನೇ ಕದೀತಾನೆ. ಆದ್ರೂ ಕ್ಷಮಿಸ್ತಾರೆ. ಮನುಷ್ಯ ಬದಲಾಗೋದು ಕ್ಷಮೆಯಿಂದ, ಸೇಡಿನಿಂದ ಅಲ್ಲ.’

ಎಲ್ಲರೂ ತಲೆದೂಗಿದರು. ಕಸಿದುಕೊಂಡವರ ಮನೆಯಲ್ಲಿ ಹುಟ್ಟಿದವರಿಗೆ ಕ್ಷಮೆಯ ಕಥೆ ಅಂದರೆ ಯಾಕಿಷ್ಟು ಪ್ರೀತಿ ಎಂದು ಲತಾಮಣಿ ಹಲ್ಲು ಕಡಿದಳು. ಆಗಲೇ ಅವಳಿಗೆ ದಾರಿ ಹೊಳೆಯಿತು. ಎದ್ದು ನಿಂತು, ಪಾಠದ ದನಿಯಲ್ಲಿ ಶುರು ಮಾಡಿದಳು.

‘ಸರ್ ಹೇಳಿದ ಜಾಗವೇ ಮುಖ್ಯವಾದದ್ದು. ಆದ್ರೆ ನಮ್ಮ ಸಂಗ್ರಹದಲ್ಲಿ ಪಾದ್ರಿ ಅವನನ್ನ “ತಮ್ಮಾ” ಅಂತ ಕರೀತಾರೆ. ಫ್ರೆಂಚ್‌ನಲ್ಲಿ ಹಾಗಿಲ್ಲ. ಅವರಲ್ಲೂ ನಮ್ಮ ಹಾಗೇ ನೀನು ಬೇರೆ, ನೀವು ಬೇರೆ. ಕ್ರಾಂತಿ ಕಾಲದಲ್ಲಿ ಎಲ್ಲರೂ ಎಲ್ಲರನ್ನೂ ನೀನು ಅನ್ಬೇಕು ಅಂತ ಪಟ್ಟು ಹಿಡಿದಿದ್ರಂತೆ. ಈ ಪಾದ್ರಿ ಮಾಡಿದ್ದು ಅದಕ್ಕಿಂತ ದೊಡ್ಡ ಕ್ರಾಂತಿ. ಆಳು ಒಡೆಯನಿಗೆ ಅನ್ನೋ ಮಾತಲ್ಲಿ ಅವರು ಆ ಕಳ್ಳನನ್ನ ಕರೀತಾರೆ. ಆ ಮಾತು ಕೇಳಿದಾಗಲೆಲ್ಲ ಅವನ ಮುಖ ಅರಳ್ತದೆ.’

‘ಹಂಗಾದ್ರೆ ಸ್ವಾಮಿ ಅನ್ನೋಣ್ವಾ?’ ಎಂದರು ಲಲಿತಮ್ಮ.

‘ಸ್ವಾಮಿ ಅಂತ ಈಗ ಆಟೋದವರಿಗೂ ಅಂತೀವಿ ಮೇಡಂ. ಅದು ಸವೆದ ಮಾತು. ನಮ್ಮ ಕಡೆ ಅದಕ್ಕೊಂದು ಮಾತಿದೆ. ಬುದ್ದಿ.’

ನಂಜಪ್ಪನವರು ಕೆಮ್ಮಿದರು. ಶಿವಕುಮಾರ್ ಮಾತ್ರ ಕಣ್ಣರಳಿಸಿ, ‘ಆಹಾ! ಎಂಥಾ ಪದ! ಎಷ್ಟ್ ವರ್ಷ ಆಗಿತ್ತು ಕೇಳಿ. ಮಣ್ಣಿನ ವಾಸನೆ ಇದೆ ಮೇಡಂ ಇದ್ರಲ್ಲಿ’ ಅಂದ. ಮಣ್ಣಿನ ವಾಸನೆಯಂತೆ! ಹೊಡೆದವನಿಗೆ ಮರೆವು, ಹೊಡೆಸಿಕೊಂಡವನಿಗೆ ನೆನಪು. ಅವನಿಗೆ ನಿಜವಾಗಿ ಏನೂ ನೆನಪಿರಲಿಲ್ಲ.

ಮುಂದಿನ ತಿಂಗಳು ಹಳೇಬೀಡಿನಲ್ಲಿ ಕೂಟದ ವಾರ್ಷಿಕ ಸಭೆ. ಆ ಊಟದ ದೃಶ್ಯವನ್ನು ಲತಾಮಣಿ ನಮ್ಮ ಕಡೆಯ ಮಾತಿನಲ್ಲಿ ಬರೆದು ಕೊಡುವುದು, ಅದನ್ನು ವೇದಿಕೆಯಲ್ಲಿ ಓದುವುದು ಎಂದು ತೀರ್ಮಾನವಾಯಿತು. ಪಾದ್ರಿಯ ಪಾತ್ರ ತನಗೇ ಇರಲಿ ಎಂದು ಶಿವಕುಮಾರ್ ಕೇಳಿಕೊಂಡ. ಕೇಳಿಕೊಳ್ಳುತ್ತಾನೆಂದು ಅವಳಿಗೆ ಮೊದಲೇ ಗೊತ್ತಿತ್ತು. ಕ್ಷಮಿಸುವ ಪಾತ್ರವನ್ನು ಅಂಥವರು ಇನ್ನೊಬ್ಬರಿಗೆ ಬಿಟ್ಟುಕೊಡುವುದುಂಟೇ?

‘ಕೈದಿ ಪಾತ್ರಕ್ಕೆ ನಮ್ಮ ತಂದೇನ ಕರ್ಕೊಂಡ್ ಬರ್ತೀನಿ ಸರ್. ವಯಸ್ಸಾದ ಮುಖ, ಹಳ್ಳಿ ಮುಖ. ಅವರಿಗೆ ಮಾತೇ ಇಲ್ಲ, ಕೂತು ಉಂಡರೆ ಸಾಕು’ ಅಂದಳು.

‘ಬಹಳ ಸಂತೋಷ ಮೇಡಂ. ಹಿರಿಯರು ಬರಲಿ’ ಅಂದ ಶಿವಕುಮಾರ್.

ಅಪ್ಪನನ್ನು ಒಪ್ಪಿಸುವುದು ಹೇಗೆಂಬುದೇ ಅವಳಿಗೆ ಚಿಂತೆಯಾಗಿತ್ತು. ಕಾಫಿ ಕೊಟ್ಟು ಪಕ್ಕದಲ್ಲಿ ಕೂತು ಕಥೆಯನ್ನೆಲ್ಲ ಹೇಳಿದಳು. ರೊಟ್ಟಿ ಕದ್ದು ಜೈಲಿಗೆ ಹೋದವನು, ಯಾರೂ ಮನೆಗೆ ಸೇರಿಸದವನು, ಪಾದ್ರಿ ಊಟಕ್ಕಿಟ್ಟದ್ದು.

‘ನಂಗ್ಯಾಕವ್ವ ನಾಟ್ಕ, ಗೀಟ್ಕ’ ಅಂದ ಜವರಪ್ಪ.

‘ಪಾದ್ರಿ ಆಗೋದು ಯಾರ್ ಗೊತ್ತೇನಪ್ಪ? ಹಾರನಹಳ್ಳಿ ರೇವಣಸಿದ್ದಪ್ಪನ ಮಗ. ನಿನ್ನನ್ನ ಬುದ್ದಿ ಅಂತಾನೆ. ಊರೋರ ಮುಂದೆ, ಮೈಕಲ್ಲಿ.’

ಜವರಪ್ಪ ಲೋಟ ಕೆಳಗಿಟ್ಟ. ಮಗಳ ಮುಖವನ್ನೇ ನೋಡಿದ. ಅಂದು ಹಿಟ್ಟಿನ ಗಂಟು ಹಿಡಿದು ನಿಂತಿದ್ದವಳು ಏನನ್ನೂ ಮರೆತಿಲ್ಲವೆಂದು ಅವನಿಗೆ ತಿಳಿದದ್ದು ಆಗಲೇ ಇರಬೇಕು. ಬಹಳ ಹೊತ್ತು ಟಿವಿಯ ಕಡೆ ತಿರುಗಿ ಕೂತಿದ್ದ, ಟಿವಿ ಹಾಕಿರಲಿಲ್ಲ.

‘ಬಿಳೀ ಶರ್ಟು ಇಸ್ತ್ರಿ ಮಾಡ್ಸು’ ಅಂದ ಕೊನೆಗೆ.

ಹಳೇಬೀಡಿನ ಕೆರೆಯ ಹತ್ತಿರದ ಸಮುದಾಯ ಭವನ ಆ ಭಾನುವಾರ ತುಂಬಿತ್ತು. ಮೂರೂರಿನ ಮೇಷ್ಟರುಗಳು, ವಕೀಲರು, ಮಂಡಿಯವರು, ಲತಾಮಣಿಯ ಕಾಲೇಜಿನ ಹುಡುಗರು. ಮುಂದಿನ ಸಾಲಿನಲ್ಲಿ ಶಿವಕುಮಾರನ ಹೆಂಡತಿ ಸ್ವಾತಿ ಮೊಬೈಲು ಎತ್ತಿ ವಿಡಿಯೋ ಹಿಡಿದು ಕೂತಿದ್ದಳು. ವೇದಿಕೆಯ ಮೇಲೆ ಮೇಜು, ತಟ್ಟೆಯಲ್ಲಿ ಲಲಿತಮ್ಮ ಮಾಡಿ ತಂದ ಚಿತ್ರಾನ್ನ. ಲತಾಮಣಿ ‘ನಮ್ಮ ತಂದೆಯವರು’ ಎಂದಷ್ಟೇ ಪರಿಚಯ ಮಾಡಿ ಪಕ್ಕಕ್ಕೆ ಸರಿದು ನಿಂತಳು. ಜವರಪ್ಪ ಕುರ್ಚಿಯಲ್ಲಿ ಕೂತು ತಟ್ಟೆ ನೋಡುತ್ತಿದ್ದ.

ಶಿವಕುಮಾರ್ ಭುಜದ ಮೇಲೆ ಬಿಳಿ ಶಾಲು ಹೊದ್ದು, ಮೈಕು ಹಿಡಿದು ಬಾಗಿದ. ‘ಬನ್ನಿ ಬುದ್ದಿ. ಬಿಸಿಲಲ್ಲಿ ನಡ್ಕೊಂಡ್ ಬಂದಿದೀರಿ. ಕೂತ್ಕೊಳಿ ಬುದ್ದಿ, ಇದು ನಿಮ್ಮದೇ ಮನೆ. ಉಣ್ಣಿ ಬುದ್ದಿ.’

ಚಪ್ಪಾಳೆ. ಎಂಥಾ ಸೊಗಸಾಗಿ ಓದಿದ! ದನಿಯಲ್ಲಿ ಕರುಣೆ, ಕಣ್ಣಲ್ಲಿ ನೀರಿನ ಪಸೆ. ಲತಾಮಣಿ ಇಷ್ಟು ವರ್ಷ ಕಾದ ಮಾತು ಬಂತು, ಆದರೆ ಅವನ ನಾಲಗೆಗೆ ಮುಳ್ಳೇ ಚುಚ್ಚಲಿಲ್ಲ. ಅಪ್ಪನ ಗಂಟಲು ಹರಿದ ಮಾತು ಇವನಿಗೆ ಹಾಲು ಕುಡಿದಷ್ಟು ಸಲೀಸು. ನಾಟಕ ಆಡಿ ಚಪ್ಪಾಳೆ ಗಿಟ್ಟಿಸಿಕೊಂಡ. ಅಪ್ಪನನ್ನು ಮತ್ತೊಮ್ಮೆ ಇವನ ಆಟದ ಸಾಮಾನು ಮಾಡಿದವಳು ನಾನೇ ಆದೆನಲ್ಲ ಎಂದು ಅವಳಿಗೆ ಅಳು ಬಂತು.

ಆಗ ಜವರಪ್ಪ ತಟ್ಟೆಯಿಂದ ತಲೆಯೆತ್ತಿ ಕಿವಿಗೆ ಕೈಯಿಟ್ಟ.

‘ಕೇಳಿಸ್ನಿಲ್ಲ’ ಅಂದ.

ಸಭೆ ನಕ್ಕಿತು. ಪಾಪ, ಮುದುಕರಿಗೆ ಕಿವಿ ಮಂದ ಎಂದುಕೊಂಡರು. ಶಿವಕುಮಾರನೂ ನಕ್ಕು, ಜೋರಾಗಿ, ‘ಉಣ್ಣಿ ಬುದ್ದಿ’ ಅಂದ.

‘ಕೇಳಿಸ್ನಿಲ್ಲ. ಇನ್ನೊಂದ್ಸಲ.’

‘ಉಣ್ಣಿ ಬುದ್ದೀ!’

‘ಇನ್ನೊಂದ್ಸಲ.’

ನಗೆ ಸ್ವಲ್ಪ ಕಡಿಮೆಯಾಯಿತು. ಅಪ್ಪನ ಕಿವಿ ಎಷ್ಟು ಚುರುಕೆಂದು ಲತಾಮಣಿಗಲ್ಲದೆ ಯಾರಿಗೆ ಗೊತ್ತು? ಶಿವಕುಮಾರ್ ಕೈಯಲ್ಲಿದ್ದ ಹಾಳೆ ನೋಡಿದ, ಲತಾಮಣಿಯ ಕಡೆ ನೋಡಿದ. ಅವಳು ಕದಲಲಿಲ್ಲ. ಮತ್ತೊಮ್ಮೆ ಅಂದ. ಮತ್ತೊಮ್ಮೆ ‘ಕೇಳಿಸ್ನಿಲ್ಲ’. ಹಣೆಯ ಮೇಲೆ ಬೆವರು ಮೂಡಿತು. ‘ತಾತ, ಇದು ಬರೆದಿರೋದ್ರಲ್ಲಿ ಇಲ್ಲ’ ಎಂದು ಮೆಲ್ಲಗೆ ಹೇಳಿದ. ಹಿಂದಿನ ಸಾಲಿನ ಹುಡುಗರು ಈಗ ಬೇರೆ ಥರ ನಗತೊಡಗಿದ್ದರು. ಸ್ವಾತಿ ಮೊಬೈಲನ್ನು ಮಡಿಲಿಗಿಳಿಸಿದಳು.

ಜವರಪ್ಪ ಅರ್ಧ ಹಲ್ಲಿನ ಬಾಯಲ್ಲಿ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದ: ‘ಗಟ್ಟಿಯಾಗಿ ಅನ್ಲೋ.’

ಶಿವಕುಮಾರನ ಮುಖ ಕೆಂಪಾಯಿತು. ಕನ್ನಡಕದೊಳಗಿನ ಕಣ್ಣು ಮುದುಕನನ್ನು ಮೊದಲ ಸಲ ನೋಡಿತು. ಮರೆತದ್ದು ತಲೆಗೆ ಬರುವ ಮೊದಲೇ ನಾಲಗೆಗೆ ಬಂತು.

‘ಏಯ್ ಜವರಾ! ಯಾರಿಗ್ಲಾ ಲೋ ಅಂತಿದೀಯ? ನಾಲ್ಗೆ ಬಿಗಿ ಹಿಡಿ!’

ಮೈಕು ಕೈಯಲ್ಲೇ ಇತ್ತು. ಆ ಮಾತು ಭವನದ ನಾಲ್ಕೂ ಗೋಡೆಗೆ ಬಡಿದು, ಹೊರಗೆ ಕಟ್ಟಿದ್ದ ಸ್ಪೀಕರಿನಿಂದ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿತು. ಕಂಡಕ್ಟರಿಗೂ ಸರ್ ಅನ್ನುವ ಮನುಷ್ಯನ ನಿಜವಾದ ದನಿ ಅದು. ನಂಜಪ್ಪನವರು ‘ಅಯ್ಯೋ’ ಅಂದರು. ಮಾತು ಹೊರಬಿದ್ದ ಮೇಲೆ ನೆನಪೂ ಬಂತೆಂದು ಶಿವಕುಮಾರನ ಮುಖವೇ ಹೇಳುತ್ತಿತ್ತು. ಅಂಗಳ, ಚೀಲ, ಆಟ, ಎಲ್ಲ.

‘ಈಗ ಕೇಳಿಸ್ತು’ ಅಂದ ಜವರಪ್ಪ. ಆಮೇಲೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಚಿತ್ರಾನ್ನವನ್ನು ಒಂದು ಅಗುಳೂ ಬಿಡದೆ ಉಂಡ. ಲತಾಮಣಿಗೆ ಅವತ್ತು ಆದ ಸಂತೋಷವನ್ನು ಮುಚ್ಚಿಡುವುದೇಕೆ? ತನಗೆ ಮಗಳು ಹುಟ್ಟಿದಾಗಲೂ ಅವಳು ಅಷ್ಟು ಹಿಗ್ಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, ‘ಅಪ್ಪ, ಮೊದ್ಲೇ ಅನ್ಕೊಂಡಿದ್ಯಾ?’

‘ಬುದ್ದಿ ಅನ್ನಿಸ್ಕಂಡು ನಾನೇನ್ ಮಾಡ್ಲವ್ವ? ಅದು ನಿಂಗ್ ಬೇಕಿತ್ತು’ ಅಂದ ಜವರಪ್ಪ. ‘ಇಷ್ಟ್ ವರ್ಸ ಆದ್ರೂವೆ ಅವನು ಒಳಗೇ ನಮ್ಮನ್ನ ಏನಂತ ಕರೀತಾನೆ, ಅದು ನಾಲ್ಕ್ ಜನಕ್ಕೆ ಗೊತ್ತಾಗ್ಬೇಕಿತ್ತು ನಂಗೆ.’

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮುಂದಿನ ದಿನಗಳಲ್ಲಿ ಶಿವಕುಮಾರ್ ನೀರು ಕುಡಿದ. ಹುಡುಗರ ಮೊಬೈಲಿನಲ್ಲಿದ್ದ ಆ ದನಿ ಮೂರೂರಲ್ಲೂ ಓಡಾಡಿತು. ಮಂಡಿಯ ಹಮಾಲಿಗಳು ಒಬ್ಬರಿಗೊಬ್ಬರು ‘ಕೇಳಿಸ್ನಿಲ್ಲ, ಇನ್ನೊಂದ್ಸಲ’ ಅಂದು ನಗತೊಡಗಿದರು. ಲಲಿತಮ್ಮ ಅಧ್ಯಕ್ಷರು ಬದಲಾದರೆ ಒಳ್ಳೆಯದೆಂದು ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಬರೆದರು. ಅವನು ಗ್ರೂಪು ಬಿಟ್ಟ.

ಮುಂದಿನ ವಾರ ಅವನೂ ಸ್ವಾತಿಯೂ ಬೇಲೂರಿನ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ಕವರು. ಒಂದೇ ವಾರಕ್ಕೆ ಮನುಷ್ಯ ಇಳಿದುಹೋಗಿದ್ದ. ಜವರಪ್ಪ ಕೂರಿ ಅನ್ನಲಿಲ್ಲ, ಲತಾಮಣಿಯೇ ಕುರ್ಚಿ ತೋರಿಸಿದಳು. ಅವನು ಕೂರದೆ ಮುದುಕನ ಮುಂದೆ ನಿಂತ.

‘ಜವರಪ್ಪನೋರೇ, ನಾನಾಗ ಸಣ್ಣ ಹುಡುಗ. ನಂಗೇನ್ ಗೊತ್ತಿತ್ತು? ಆದ್ರೂ ತಪ್ಪು ತಪ್ಪೇ. ಮೊನ್ನೆ ಆಡಿದ್ದಂತೂ ನೆನೆಸ್ಕೊಂಡ್ರೆ ನಂಗೇ ಅಸಹ್ಯ ಆಗ್ತದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿ’ ಅಂದ. ದನಿ ನಿಜವಾಗಿಯೂ ನಡುಗುತ್ತಿತ್ತು. ಇದು ನಾಟಕವಲ್ಲ ಎಂಬುದು ಲತಾಮಣಿಗೂ ಗೊತ್ತಾಯಿತು. ಸ್ವಾತಿ ಅಳುತ್ತಿದ್ದಳು.

ಒಳ್ಳೆಯವರ ಬಾಯಲ್ಲಿ ಒಂದು ಹಾಳು ಮಾತು ಸದಾ ಕಾದಿರುತ್ತದೆ, ‘ಹೋಗ್ಲಿ ಬಿಡಿ’ ಅನ್ನುವುದು. ಸಾಧು ಹೆಂಗಸಾಗಿ ಇಷ್ಟು ವರ್ಷ ಬಾಳಿದ ಲತಾಮಣಿಗೆ ಅದು ತುಟಿಯವರೆಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಜವರಪ್ಪ ಮಗಳ ಕಡೆ ತಿರುಗಿದ.

‘ಆ ಪುಸ್ತಕದಾಗೆ ಕ್ಷಮಿಸ್ದೋನು ಪಾದ್ರಿ ಅಲ್ವೇನವ್ವ?’

‘ಹೂಂ ಅಪ್ಪ.’

‘ಅವನ್ತಾವ ಬೆಳ್ಳಿ ಇತ್ತು, ಮನೆ ಇತ್ತು, ಕೊಟ್ಟ. ಇದ್ದೋನು ಕೊಡ್ತಾನೆ.’ ಆಮೇಲೆ ಶಿವಕುಮಾರನ ಕಡೆ ನೋಡಿದ. ಕೋಪವಿಲ್ಲದ, ಲೆಕ್ಕ ಮುಗಿಸಿದವನ ದನಿಯಲ್ಲಿ ಹೇಳಿದ: ‘ಕ್ಷಮಿಸಾಕಿಲ್ಲ ಕಣಪ್ಪ. ನಿಮ್ ಮನೇಲಿ ದುಡಿದು ನಾನು ತಂದಿದ್ದು ಈ ನೋವೊಂದೇ. ಇದು ನನ್ತಾವ್ಲೇ ಇರ್ಲಿ.’

ಲತಾಮಣಿ ತುಟಿ ಬಿಗಿದುಕೊಂಡು ಎದ್ದಳು. ಹಣ್ಣಿನ ಕವರನ್ನು ಸ್ವಾತಿಯ ಕೈಗೆ ವಾಪಸು ಕೊಟ್ಟು, ಹೋಗಿ ಬಾಗಿಲು ತೆಗೆದಳು.